ಅಪ್ಪನ ಹೊಲದಲ್ಲಿ ಹೆಣ್ಣುಮಕ್ಕಳ ಪಾಲು: ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಾ?

ಡೊಂಬಿವಲಿ_ಗೃಹಿಣಿ:
ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ಸಲಹೆ ಬೇಕು. ನನ್ನ ತವರು ವಿಜಯಪುರ ಜಿಲ್ಲೆ. 1989ರಲ್ಲಿ ಮದುವೆಯಾಗಿ ಮುಂಬೈ ಕಡೆ ಬಂದೆ. ಅಪ್ಪ 2001ರಲ್ಲಿ ತೀರಿಕೊಂಡರು. ಅವ್ವ ಊರಲ್ಲಿ ಅಣ್ಣನ ಜೊತೆ ಇದ್ದಾಳೆ. ನಾವು ಐದು ಮಕ್ಕಳು, ಇಬ್ಬರು ಗಂಡು, ಮೂವರು ಹೆಣ್ಣು. ಅಜ್ಜನಿಂದ ಬಂದ 12 ಎಕರೆ ಹೊಲ ಇದೆ. ಮೊದಲು ಮಳೆ ನಂಬಿ ಬಿಳಿಜೋಳ, ಕಡಲೆ ಬೆಳೆಯುತ್ತಿದ್ದರು. ಈಗ ಕಾಲುವೆ ನೀರು ಬಂದು ಕಬ್ಬು ಹಾಕಿದ್ದಾರೆ. ಹೊಲದ ರೇಟು ಏರಿದೆ.

ಹೋದ ವಾರ ತಮ್ಮ ವಾಟ್ಸಾಪಿನಲ್ಲಿ ಒಂದು ಕಾಗದ ಕಳಿಸಿದ. ಮೇಲೆ "ಹಕ್ಕು ಬಿಡುಗಡೆ ಪತ್ರ" ಅಂತ ಇದೆ. ಒಳಗೆ "ಅರಿಶಿನ ಕುಂಕುಮದ ಸಲುವಾಗಿ 10,000 ರೂಪಾಯಿ ಪಡೆದು, ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ನನ್ನ ಸಮಸ್ತ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ" ಅಂತ ಬರೆದಿದೆ. ಕೆಳಗೆ ನಮ್ಮ ಮೂವರು ಅಕ್ಕತಂಗಿಯರ ಹೆಸರು ಆಗಲೇ ಟೈಪಾಗಿದೆ. ಪಂಚಮಿಗೆ ಬಂದಾಗ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬರೋಣ, ಬ್ಯಾಂಕ್ ಸಾಲಕ್ಕೆ ಬೇಕು ಅನ್ನುತ್ತಾನೆ. ಫೋನ್ ಮಾಡಿ ಕೇಳಿದರೆ "ನಿನ್ನ ಮದುವೆ 1994ಕ್ಕಿಂತ ಮೊದಲು ಆಗಿದೆ, ಅಪ್ಪ 2005ಕ್ಕಿಂತ ಮೊದಲು ಹೋದರು, ಕಾನೂನಿನಲ್ಲಿ ನಿನಗೆ ಏನೂ ಬರುವುದಿಲ್ಲ, ಸುಮ್ನೆ ಒಂದು ಸಹಿ ಅಷ್ಟೆ" ಅಂದ. ಏನೂ ಬರುವುದಿಲ್ಲ ಅಂದ ಮೇಲೆ ಸಹಿ ಯಾಕೆ ಬೇಕು? ತಿಳಿದವರು ಹೇಳಿ. ತವರು ಕಳೆದುಕೊಳ್ಳುವುದು ನನಗೆ ಬೇಡ.

ಕಲ್ಯಾಣ್_ಫಾಸ್ಟ್:
ಸಹಿ ಯಾಕೆ ಬೇಕು ಅಂತ ಕೇಳಿದಿರಲ್ಲ ಅಕ್ಕಾ, ಅದರಲ್ಲೇ ಉತ್ತರ ಇದೆ. ಸಹಿ ಹಾಕಬೇಡಿ.

ಭೋಸರಿ_ಬಸು:
ಇಲ್ಲಿ ಎಲ್ಲರೂ ಸಹಿ ಹಾಕಬೇಡಿ ಅಂತಲೇ ಹೇಳುತ್ತಾರೆ. ಊರಲ್ಲಿ ಇದ್ದವರ ಕಷ್ಟ ಯಾರೂ ಕೇಳುವುದಿಲ್ಲ. ಅವರ ಅಣ್ಣ ತಮ್ಮ ಬರಗಾಲದಲ್ಲೂ ಹೊಲ ಬಿಡಲಿಲ್ಲ. ಅವ್ವನ ಔಷಧಿ, ಆಸ್ಪತ್ರೆ, ಬೋರ್‌ವೆಲ್ ಸಾಲ ಎಲ್ಲ ಅವರ ತಲೆ ಮೇಲೆ. ಆಗ ಪಾಲು ಕೇಳದವರಿಗೆ ನೀರು ಬಂದ ಮೇಲೆ ಪಾಲು ನೆನಪಾಗುತ್ತದೆ. ಅಕ್ಕಾವ್ರೇ, ನಿಮ್ಮನ್ನು ಒಬ್ಬರನ್ನೇ ಅನ್ನುತ್ತಿಲ್ಲ. ನಮ್ಮ ಮನೆಯಲ್ಲೂ ಇದೇ ನಡೆದಿದೆ.

ಘಾಟ್ಕೋಪರ್_ಅಮ್ಮ:
ಬಸು ಅವರೇ, ಅವರು ಪಾಲು ಕೇಳಿಯೇ ಇಲ್ಲ. ತಮ್ಮ ತಾನಾಗಿ ಕಾಗದ ಕಳಿಸಿದ್ದು. ಮೊದಲು ಪೂರ್ತಿ ಓದಿ.

ಶಿವಾಜಿನಗರ_ವಕೀಲೆ:
ನಾನು ಪುಣೆಯಲ್ಲಿ ವಕೀಲಿ ಮಾಡುತ್ತೇನೆ, ಗಡಿ ಭಾಗದ ಪಾಲಿನ ದಾವೆಗಳು ನನ್ನ ಹತ್ತಿರ ಬರುತ್ತವೆ. ನಿಮ್ಮ ತಮ್ಮ ಹೇಳಿದ ಎರಡೂ ಮಾತು ಒಂದು ಕಾಲಕ್ಕೆ ನಿಜವಾಗಿದ್ದವು. ಈಗ ಎರಡೂ ನಿಲ್ಲುವುದಿಲ್ಲ. ಇದು ಹೇಗೆ ಬದಲಾಯಿತು ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇದೇ ಗೊಂದಲ ಎಷ್ಟೋ ಮನೆಗಳಲ್ಲಿದೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪಿತ್ರಾರ್ಜಿತ ಆಸ್ತಿ ಹುಟ್ಟಿನಿಂದಲೇ ಗಂಡುಮಕ್ಕಳದು. ಹೆಣ್ಣುಮಕ್ಕಳಿಗೆ ಸಿಗುತ್ತಿದ್ದದ್ದು ಅಪ್ಪ ಸತ್ತ ಮೇಲೆ ಅಪ್ಪನ ಪಾಲಿನಲ್ಲಿ ಒಂದು ಚೂರು. ಕರ್ನಾಟಕ ತನ್ನದೇ ತಿದ್ದುಪಡಿ ತಂದು 1994ರ ಜುಲೈ 30ರಿಂದ ಮಗಳಿಗೂ ಹುಟ್ಟಿನ ಹಕ್ಕು ಕೊಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಮಹಾರಾಷ್ಟ್ರವೂ ಅದೇ ವರ್ಷ ಜೂನ್ 22ರಿಂದ ಅದೇ ಥರ ಮಾಡಿತು. ನಿಮ್ಮ ತಮ್ಮ ಹೇಳುವ "1994" ಇಲ್ಲಿಂದ ಬಂದದ್ದು.

ಆಮೇಲೆ 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂತು. 6ನೇ ಕಲಮನ್ನೇ ಹೊಸದಾಗಿ ಬರೆದರು. ಮಗಳು ಮಗನ ಹಾಗೆಯೇ ಹುಟ್ಟಿನಿಂದ ಪಾಲುದಾರಳು. ಮದುವೆ ಯಾವಾಗ ಆಯಿತು ಅನ್ನುವ ಷರತ್ತೇ ಇಲ್ಲ. ಅಲ್ಲಿಗೆ 1994ರ ಮಾತು ಮುಗಿಯಿತು.

ಉಳಿದದ್ದು ಅಪ್ಪನ ವಿಷಯ. 2005ರಲ್ಲಿ ಅಪ್ಪ ಬದುಕಿರಬೇಕಾ ಬೇಡವಾ? 2014ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣ ಪೀಠ ಆ ದಿನ ಮಗಳು ಬದುಕಿದ್ದರೆ ಸಾಕು ಅಂದಿತು. 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪ್ರಕಾಶ್ ವಿರುದ್ಧ ಫೂಲವತಿ ಕೇಸಿನಲ್ಲಿ ಅಪ್ಪನೂ ಬದುಕಿರಬೇಕು ಅಂದಿತು. 2018ರ ಫೆಬ್ರವರಿಯಲ್ಲಿ ದಾನಮ್ಮ ಕೇಸಿನಲ್ಲಿ, 2001ರಲ್ಲೇ ತೀರಿಕೊಂಡ ಅಪ್ಪನ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಎರಡೂ ಕರ್ನಾಟಕದಿಂದಲೇ ಹೋದ ಕೇಸು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠ. ಕೆಳಗಿನ ಕೋರ್ಟುಗಳಿಗೆ ಯಾವುದನ್ನು ಹಿಡಿಯಬೇಕು ಅಂತಲೇ ತಿಳಿಯದಂತಾಯಿತು.

ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥ ಮಾಡಿತು. ಹಕ್ಕು ಹುಟ್ಟಿನಿಂದ ಬರುತ್ತದೆ, ಅಪ್ಪನ ಸಾವಿನಿಂದಲ್ಲ. ಹಾಗಾಗಿ 2005ರಲ್ಲಿ ಅಪ್ಪ ಇದ್ದರೋ ಇಲ್ಲವೋ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಫೂಲವತಿ ತೀರ್ಪು ಅಲ್ಲಿಗೆ ಬಿದ್ದುಹೋಯಿತು.

ಈಗ ನನ್ನ ಪ್ರಶ್ನೆ ಅಕ್ಕಾ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನಿಮ್ಮ ಮನೆಯಲ್ಲಿ ಪಾಲು ಆಗಿತ್ತಾ? ಅಪ್ಪ ಮೃತ್ಯುಪತ್ರ (ವಿಲ್) ಬರೆದಿದ್ದರಾ? ಉತಾರದಲ್ಲಿ (ಪಹಣಿಯಲ್ಲಿ) ಈಗ ಯಾರ ಹೆಸರಿದೆ?

ಮುಲುಂಡ್_ನಿವೃತ್ತ:
ಬಹಳ ಚೆನ್ನಾಗಿ ಬಿಡಿಸಿ ಹೇಳಿದಿರಿ ಮೇಡಂ. 2004ರ ಡಿಸೆಂಬರ್ 20 ಯಾಕೆ ಅಂತ ಕೆಲವರು ಕೇಳಬಹುದು. ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದ ದಿನ ಅದು. ಮಸೂದೆ ಬಂದ ಸುದ್ದಿ ಕೇಳಿ ಜನ ಅವಸರದಲ್ಲಿ ಪಾಲು ಮಾಡಿಕೊಳ್ಳಬಾರದು ಅಂತ ಆ ದಿನವನ್ನೇ ಗಡುವು ಮಾಡಿದರು.

ಭೋಸರಿ_ಬಸು:
ವಕೀಲ ಮೇಡಂ, ನಿಮ್ಮ ಮಾತಿನಲ್ಲೇ ನನ್ನ ನೋವೂ ಇದೆ. ನಮ್ಮ ತಂದೆ 2003ರಲ್ಲಿ ಹೋದರು. ಅಕ್ಕಂದಿರು ಕೇಸು ಹಾಕಿದರು. ಕೆಳಗಿನ ಕೋರ್ಟು ಫೂಲವತಿ ತೀರ್ಪು ನೋಡಿ ನಮ್ಮ ಪರ ಕೊಟ್ಟಿತು. ಅದನ್ನು ನಂಬಿ ನಾವು ಸಾಲ ಮಾಡಿ ದಾಳಿಂಬೆ ಹಾಕಿದೆವು. ಅಪೀಲು ನಡೆಯುವಾಗ 2020ರ ತೀರ್ಪು ಬಂತು, ಎಲ್ಲ ತಿರುಗಿತು. ಸುಪ್ರೀಂ ಕೋರ್ಟೇ ಐದು ವರ್ಷದಲ್ಲಿ ಮೂರು ಥರ ಹೇಳಿದರೆ ರೈತ ಯಾರನ್ನು ನಂಬಬೇಕು? ನನಗೆ ಅಕ್ಕಂದಿರ ಮೇಲೆ ಸಿಟ್ಟಿಲ್ಲ. ಹೀಗೆ ಮಾತು ಬದಲಿಸುವುದರ ಮೇಲೆ ಸಿಟ್ಟು.

ಶಿವಾಜಿನಗರ_ವಕೀಲೆ:
ನಿಮ್ಮ ಸಿಟ್ಟು ನ್ಯಾಯವಾದದ್ದು ಬಸು ಅವರೇ. ಹದಿನೈದು ವರ್ಷ ಒಂದು ಕಲಮಿನ ಅರ್ಥ ಗಟ್ಟಿಯಾಗದೆ ಉಳಿದದ್ದು ಸಣ್ಣ ವಿಷಯವಲ್ಲ. ಅದರ ಬೆಲೆಯನ್ನು ನಿಮ್ಮಂಥ ಮನೆಗಳೇ ಕೊಟ್ಟವು. ಆದರೆ ಆ ಐದು ವರ್ಷ ನಿಮ್ಮ ಅಕ್ಕಂದಿರೂ ಅದೇ ಗೊಂದಲದಲ್ಲಿ ಇದ್ದರು ಅನ್ನುವುದನ್ನೂ ನೋಡಬೇಕು. ಒಂದು ಕಿವಿಮಾತು. ಅಂತಿಮ ಡಿಕ್ರಿಯಲ್ಲಿ (ಕೋರ್ಟಿನ ಕೊನೆಯ ಆದೇಶದಲ್ಲಿ) ಭೂಮಿ ಅಳೆದು ಕೊಡುವಾಗ, ನೀವು ದಾಳಿಂಬೆ ಹಾಕಿದ ತುಂಡನ್ನು ಆದಷ್ಟು ನಿಮ್ಮ ಪಾಲಿಗೇ ಬಿಡಿ ಅಂತ ಕೇಳಬಹುದು. ಖರ್ಚು ಮಾಡಿ ಸುಧಾರಿಸಿದ್ದನ್ನು ಕೋರ್ಟು ಗಮನಿಸುತ್ತದೆ. ನಿಮ್ಮ ವಕೀಲರಿಗೆ ಹೇಳಿ ಇದನ್ನು ಬರವಣಿಗೆಯಲ್ಲಿ ಹಾಕಿಸಿ, ಬೋರ್‌ವೆಲ್ ಮತ್ತು ಸಸಿಯ ರಸೀದಿ ಲಗತ್ತಿಸಿ.

ಭೋಸರಿ_ಬಸು:
ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ನಾಳೆಯೇ ಫೋನ್ ಮಾಡುತ್ತೇನೆ ಮೇಡಂ.

ಡೊಂಬಿವಲಿ_ಗೃಹಿಣಿ:
ಮೇಡಂ, ಮಗನ ಕೈಯಲ್ಲಿ ಭೂಮಿ ವೆಬ್‌ಸೈಟಿನಲ್ಲಿ ಉತಾರ ತೆಗೆಸಿದೆ. ಅಣ್ಣ ತಮ್ಮ ಇಬ್ಬರ ಹೆಸರಿನಲ್ಲಿ ಆರಾರು ಎಕರೆ ಇದೆ. 1998ರಲ್ಲಿ ಅಪ್ಪ ಇರುವಾಗಲೇ ತಲಾಠಿ (ಗ್ರಾಮ ಲೆಕ್ಕಿಗ) ಹತ್ತಿರ ವರ್ದಿ (ಹೆಸರು ಬದಲಿಸುವ ಅರ್ಜಿ) ಕೊಟ್ಟು ವಾಟ್ನಿ (ಪಾಲು) ಮಾಡಿಸಿದ್ದೇವೆ ಅಂತ ಅಣ್ಣ ಹೇಳುತ್ತಾನೆ. ರಿಜಿಸ್ಟರ್ ಆಗಿಲ್ಲ. ಮೃತ್ಯುಪತ್ರ ಇಲ್ಲ.

ಕಲ್ಯಾಣ್_ಫಾಸ್ಟ್:
ರಿಜಿಸ್ಟರ್ ಆಗಿಲ್ಲ ಅಂದರೆ ವಾಟ್ನಿ ಆಗಿಲ್ಲ. ಕೇಸು ಗೆದ್ದ ಹಾಗೆಯೇ.

ಶಿವಾಜಿನಗರ_ವಕೀಲೆ:
ಅಷ್ಟು ಸುಲಭವಲ್ಲ ಕಲ್ಯಾಣ್ ಅವರೇ. ಕಾಯ್ದೆಯ 6ನೇ ಕಲಮಿನ 5ನೇ ಉಪಕಲಂ ಹೇಳುವುದು ಏನೆಂದರೆ, 2004ರ ಡಿಸೆಂಬರ್ 20ರ ಮೊದಲು ಆದ ವಾಟ್ನಿಗೆ ಕೈ ಹಾಕುವುದಿಲ್ಲ. ಆದರೆ ವಾಟ್ನಿ ಅಂದರೆ ನೋಂದಣಿಯಾದ ಪತ್ರ ಇಲ್ಲವೇ ಕೋರ್ಟಿನ ಡಿಕ್ರಿ. ಬಾಯಿಮಾತಿನ ವಾಟ್ನಿಯನ್ನು ಸುಲಭವಾಗಿ ಒಪ್ಪಬಾರದು ಅಂತ 2020ರ ತೀರ್ಪು ಹೇಳಿದೆ. ಬರೀ ಸಾಕ್ಷಿಗಳ ಮಾತಿನ ಮೇಲೆ ನಿಂತದ್ದನ್ನು ತಳ್ಳಿಹಾಕಬೇಕು ಅಂದಿದೆ. ಜೊತೆಗೆ ಒಂದು ಸಣ್ಣ ಬಾಗಿಲನ್ನೂ ತೆರೆದಿಟ್ಟಿದೆ. ಸರ್ಕಾರಿ ದಾಖಲೆಗಳ ಆಧಾರ ಇದ್ದು, ಡಿಕ್ರಿಯಷ್ಟೇ ಗಟ್ಟಿಯಾಗಿ ಪಾಲಾಗಿದೆ ಅಂತ ಸಾಬೀತಾದರೆ, ಅಪರೂಪದ ಕೇಸಿನಲ್ಲಿ ಒಪ್ಪಬಹುದು.

ನಿಮ್ಮ ಅಣ್ಣನ ವಕೀಲರು ಆ ಬಾಗಿಲನ್ನೇ ತಟ್ಟುತ್ತಾರೆ. ವರ್ದಿ, ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾದ) ನಂಬರು, ಅಂದಿನಿಂದ ಇಬ್ಬರೂ ಬೇರೆ ಬೇರೆ ಕಂದಾಯ ಕಟ್ಟಿದ ರಸೀದಿ, ಬೇರೆ ಬೇರೆ ಬೆಳೆಸಾಲ ಎಲ್ಲ ತರುತ್ತಾರೆ. ಹಾಗಾಗಿ ಈಗಲೇ ಮ್ಯುಟೇಶನ್ನಿನ ದೃಢೀಕೃತ ನಕಲು ತೆಗೆಸಿ. ಅದರಲ್ಲಿ ಅಪ್ಪನ ಸಹಿ ಇದೆಯಾ, ಅಪ್ಪ ತನಗೆ ಏನು ಇಟ್ಟುಕೊಂಡರು, ಅವ್ವನಿಗೆ ಏನು ಬಿಟ್ಟರು ಅಂತ ನೋಡಿ. ಅಪ್ಪನಿಗೂ ಅವ್ವನಿಗೂ ಒಂದು ಗುಂಟೆಯೂ ಇಲ್ಲದ ವಾಟ್ನಿ ಎಂಥದ್ದು? ಕೋರ್ಟಿನಲ್ಲಿ ನಾನಾದರೆ ಮೊದಲು ಕೇಳುವ ಪ್ರಶ್ನೆ ಅದು. ಇನ್ನೊಂದು, ಪಾಲಾಗಿ ಮುಗಿದಿದೆ ಅಂತ ಅವರಿಗೇ ನಂಬಿಕೆ ಇದ್ದಿದ್ದರೆ ನಿಮ್ಮಿಂದ ಬಿಡುಗಡೆ ಪತ್ರ ಕೇಳುತ್ತಿರಲಿಲ್ಲ. ಆ ವಾಟ್ಸಾಪ್ ಮೆಸೇಜನ್ನು ಅಳಿಸಬೇಡಿ.

ಮುಲುಂಡ್_ನಿವೃತ್ತ:
ಎಲ್ಲರೂ ಪಾಲು ಪಾಲು ಅನ್ನುತ್ತಿದ್ದೀರಿ, ಎಷ್ಟು ಅಂತ ಯಾರೂ ಲೆಕ್ಕ ಹಾಕಲಿಲ್ಲ. ನಾನು ಹಾಕುತ್ತೇನೆ.

ಹಳೇ ಪದ್ಧತಿ: ಅಪ್ಪ ಸಾಯುವ ಕ್ಷಣಕ್ಕೆ ಮುಂಚೆ ಪಾಲಾಗಿತ್ತು ಅಂತ ಊಹಿಸಿಕೊಳ್ಳಬೇಕು. ಅಪ್ಪ, ಅವ್ವ, ಇಬ್ಬರು ಗಂಡುಮಕ್ಕಳು, ತಲಾ ಕಾಲುಭಾಗ. 12 ಎಕರೆಯಲ್ಲಿ ತಲಾ 3 ಎಕರೆ. ಅಪ್ಪನ 3 ಎಕರೆ ಮಾತ್ರ ಅವ್ವ ಮತ್ತು ಐದು ಮಕ್ಕಳಲ್ಲಿ ಹಂಚಿಕೆ, ಅಂದರೆ ತಲಾ 20 ಗುಂಟೆ. ಮಗಳಿಗೆ ಒಟ್ಟು 20 ಗುಂಟೆ. ಮಗನಿಗೆ ಮೂರೂವರೆ ಎಕರೆ. ಅವ್ವನಿಗೂ ಮೂರೂವರೆ.

ಹೊಸ ಪದ್ಧತಿ: ಅಪ್ಪ, ಅವ್ವ, ಐದು ಮಕ್ಕಳು, ಏಳು ಪಾಲು. ಅಪ್ಪನ ಏಳನೇ ಒಂದು ಭಾಗ ಮತ್ತೆ ಆರು ಜನರಿಗೆ. ಕೂಡಿದರೆ ಪ್ರತಿಯೊಬ್ಬರಿಗೂ ಆರನೇ ಒಂದು ಭಾಗ. 12 ಎಕರೆಯಲ್ಲಿ ತಲಾ 2 ಎಕರೆ.

ಅಕ್ಕಾ, ಗಮನಿಸಿ. ಹಳೇ ಪದ್ಧತಿಯಲ್ಲೂ ನಿಮಗೆ 20 ಗುಂಟೆ ಇತ್ತು. ಏನೂ ಬರುವುದಿಲ್ಲ ಅನ್ನುವ ಮಾತು ಯಾವ ಕಾಲಕ್ಕೂ ನಿಜವಾಗಿರಲಿಲ್ಲ. 10,000 ರೂಪಾಯಿಗೆ ಕೇಳುತ್ತಿರುವುದು 2 ಎಕರೆ ನೀರಾವರಿ ಹೊಲ.

ಶಿವಾಜಿನಗರ_ವಕೀಲೆ:
ಲೆಕ್ಕ ಸರಿಯಾಗಿದೆ ಸರ್. ವಿಶೇಷ ಏನೆಂದರೆ 1978ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಗುರುಪಾದ ಖಂಡಪ್ಪ ಮಗದುಮ್ ಕೇಸಿನಲ್ಲೂ ಇಂಥದೇ ಸಂಸಾರ. ಹೆಂಡತಿ ಹಿರಾಬಾಯಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಹಿರಾಬಾಯಿಗೆ 24ರಲ್ಲಿ 7 ಭಾಗ ಅಂತ ತೀರ್ಪಾಯಿತು. ನಿಮ್ಮ ಹಳೇ ಲೆಕ್ಕದ ಮೂರೂವರೆ ಎಕರೆ ಅಂದರೆ ಅಷ್ಟೇ. ಹಳೇ ಮುಂಬೈ ಪ್ರಾಂತ್ಯದ ಕಡೆ ಗಂಡ ಮತ್ತು ಮಕ್ಕಳ ನಡುವೆ ಪಾಲಾದಾಗ ಹೆಂಡತಿಗೂ ಪಾಲು ಕೊಡುವ ಪದ್ಧತಿ ಇದೆ. ವಿಜಯಪುರ ಆ ಪ್ರಾಂತ್ಯಕ್ಕೆ ಸೇರಿತ್ತು.

ಘಾಟ್ಕೋಪರ್_ಅಮ್ಮ:
ಹಾಗಾದರೆ ಹೊಸ ಕಾನೂನು ಅವ್ವನಿಂದ ಒಂದೂವರೆ ಎಕರೆ ತೆಗೆದು ಹೆಣ್ಣುಮಕ್ಕಳಿಗೆ ಕೊಟ್ಟಿತು ಅಂತಾಯಿತು. ಇದನ್ನು ಯಾರೂ ಹೇಳುವುದೇ ಇಲ್ಲ. ಮುದುಕಿ ವಿಧವೆಗೆ ಜಾಸ್ತಿ ಬೇಕಾ, ಸಂಸಾರ ನೆಲೆಯಾದ ಮಗಳಿಗೆ ಜಾಸ್ತಿ ಬೇಕಾ?

ಮುಲುಂಡ್_ನಿವೃತ್ತ:
ಗಂಡುಮಕ್ಕಳಿಂದಲೂ ತಲಾ ಒಂದೂವರೆ ಎಕರೆ ಹೋಯಿತಲ್ಲ ಅಮ್ಮಾ. ಅದೂ ಅಲ್ಲದೆ ಅವ್ವನ ಮೂರೂವರೆ ಎಕರೆ ಕಾಗದದ ಮೇಲೆ ಮಾತ್ರ. ಈ ಅಕ್ಕನ ಉತಾರ ನೋಡಿ, ಅವ್ವನ ಹೆಸರೇ ಇಲ್ಲ.

ಘಾಟ್ಕೋಪರ್_ಅಮ್ಮ:
ಅದು ನಿಜ. ಆದರೂ ವಿಧವೆಯ ಪಾಲು ಕಡಿಮೆಯಾದದ್ದು ನನಗೆ ಸರಿ ಕಾಣುವುದಿಲ್ಲ. ಅವಳಿಗೆ ಕನಿಷ್ಠ ಮೊದಲಿನಷ್ಟನ್ನು ಉಳಿಸಿ ಆಮೇಲೆ ಮಕ್ಕಳಲ್ಲಿ ಸಮ ಹಂಚಬಹುದಿತ್ತು.

ಪಿಂಪ್ರಿ_ಕನ್ನಡಿಗ:
ಮದುವೆಗೆ ಖರ್ಚು ಮಾಡಿದ್ದು, ವರದಕ್ಷಿಣೆ, ಬಂಗಾರ, ಪ್ರತಿ ಪಂಚಮಿ ದೀಪಾವಳಿಗೆ ಸೀರೆ, ಬಾಣಂತನ ಇವೆಲ್ಲ ಪಾಲಿನಲ್ಲಿ ಮುರಿದುಕೊಳ್ಳಬೇಕು. ಅದು ನ್ಯಾಯ.

ಶಿವಾಜಿನಗರ_ವಕೀಲೆ:
ವರದಕ್ಷಿಣೆ ಕೊಡುವುದೇ 1961ರಿಂದ ಅಪರಾಧ. ಅಪರಾಧವನ್ನು ತೋರಿಸಿ ಪಾಲು ಕಡಿಮೆ ಮಾಡಿ ಅಂತ ಕೋರ್ಟಿನಲ್ಲಿ ಕೇಳಲಾಗುವುದಿಲ್ಲ. ಗಂಡುಮಕ್ಕಳ ಮದುವೆ, ಓದು, ಬೈಕಿಗೂ ಅದೇ ಹೊಲದ ದುಡ್ಡು ಖರ್ಚಾಗಿರುತ್ತದೆ. ಅದನ್ನು ಯಾರೂ ಅವರ ಪಾಲಿನಲ್ಲಿ ಮುರಿಯುವುದಿಲ್ಲ, ಅಲ್ವಾ?

ಘಾಟ್ಕೋಪರ್_ಅಮ್ಮ:
ಬಾಣಂತನವನ್ನೂ ಲೆಕ್ಕಕ್ಕೆ ಹಿಡಿಯುತ್ತೀರಾ ಪಿಂಪ್ರಿ ಅವರೇ? ಓದಿ ಬೇಜಾರಾಯಿತು.

ಪಿಂಪ್ರಿ_ಕನ್ನಡಿಗ:
ಬಾಣಂತನದ ಮಾತು ಬಿಡಿ ಅಮ್ಮಾ. ಆದರೆ ಮದುವೆ ಸಾಲ ಹತ್ತು ವರ್ಷ ತೀರಿಸಿದ ಅಣ್ಣಂದಿರನ್ನು ನಾನು ನೋಡಿದ್ದೇನೆ. ಅವರಿಗೂ ಏನಾದರೂ ದಾರಿ ಇರಬೇಕು.

ಮಾಟುಂಗಾ_ನಿವಾಸಿ:
ನಾವು ಉಡುಪಿ ಕಡೆಯವರು. ನಮ್ಮಲ್ಲಿ ಅಳಿಯಸಂತಾನ, ಹೆಣ್ಣಿನ ಕಡೆಯಿಂದಲೇ ಕುಟುಂಬ. ನಮಗೆ ಈ 2005, 2020 ಯಾವುದೂ ಬೇಕಾಗಿಲ್ಲ ಅಂತ ಹಿರಿಯರು ಹೇಳುತ್ತಾರೆ. ಸರಿಯಾ?

ಶಿವಾಜಿನಗರ_ವಕೀಲೆ:
ಅರ್ಧ ಸರಿ. 6ನೇ ಕಲಂ ಮಿತಾಕ್ಷರ ಕುಟುಂಬಗಳಿಗೆ (ಅಪ್ಪನ ಕಡೆಯಿಂದ ಹುಟ್ಟಿನಿಂದಲೇ ಪಾಲು ಬರುವ ಪದ್ಧತಿಯವರಿಗೆ) ಮಾತ್ರ, ಹಾಗಾಗಿ ನಿಮ್ಮ ಕುಟುಂಬದ ಆಸ್ತಿಗೆ ಅದು ತಗಲುವುದಿಲ್ಲ. ನಿಮಗೆ ಇರುವುದು 7ನೇ ಕಲಂ. ಕುಟುಂಬ ಅಥವಾ ಕವರಿನಲ್ಲಿ (ಕುಟುಂಬದೊಳಗೆ ಒಬ್ಬ ಹೆಣ್ಣಿನಿಂದ ಬೆಳೆದ ಕವಲಿನಲ್ಲಿ) ಪಾಲಿದ್ದವರು ತೀರಿಕೊಂಡರೆ, ಆಗಷ್ಟೇ ತಲೆಯೆಣಿಕೆಯಲ್ಲಿ ಪಾಲಾಗಿತ್ತು ಅಂತ ಹಿಡಿದು ಅವರ ಭಾಗವನ್ನು 1956ರ ಕಾಯ್ದೆಯ ವಾರಸುದಾರರಿಗೆ ಕೊಡುತ್ತಾರೆ. ಗಂಡಸಿನ ಪಾಲು ಸೋದರಳಿಯನಿಗೆ ಹೋಗುವ ಕಾಲ ಅಲ್ಲಿಗೆ ಮುಗಿಯಿತು, ಅವನ ಹೆಂಡತಿ ಮಕ್ಕಳಿಗೆ ಹೋಗುತ್ತದೆ. ಮುಂಬೈಯಲ್ಲಿ ದುಡಿದು ಮಾಡಿದ ಹೋಟೆಲು, ಫ್ಲ್ಯಾಟು ಸ್ವಯಾರ್ಜಿತ, ಅದಕ್ಕೂ ಕುಟುಂಬದ ಆಸ್ತಿಗೂ ಸಂಬಂಧ ಇಲ್ಲ.

ವಾಸ್ಕೋ_ಟೀಚರ್:
ಗೋವಾದಿಂದ ಒಂದು ಮಾತು. ನಾನು ಕಾರವಾರದವಳು, ನನ್ನ ಗಂಡ ಗೋವಾದವರು. ಇಲ್ಲಿ ಮಾವನವರ ಆಸ್ತಿ ಪಾಲಾದಾಗ ನಾದಿನಿಯರಿಗೂ ಸಮಪಾಲು ಬಂತು. ಯಾರೂ ಕೋರ್ಟಿನಲ್ಲಿ ಜಗಳ ಮಾಡಬೇಕಾಗಲಿಲ್ಲ. ನಾದಿನಿಯರ ಗಂಡಂದಿರೂ ಸಹಿ ಹಾಕಿದರು, ನನ್ನ ಸಹಿಯನ್ನೂ ತೆಗೆದುಕೊಂಡರು. ಗಂಡ ಒಬ್ಬನೇ ಹೋಗಿ ಆಸ್ತಿ ಮಾರಲಾಗುವುದಿಲ್ಲ, ಹೆಂಡತಿಯ ಸಹಿ ಬೇಕು. ಅಪ್ಪ ಸಿಟ್ಟಿನಲ್ಲಿ ಮೃತ್ಯುಪತ್ರ ಬರೆದರೂ ಅರ್ಧ ಆಸ್ತಿ ಮಕ್ಕಳಿಗೆ ಮೀಸಲು. ಪೋರ್ಚುಗೀಸರ 1867ರ ಸಿವಿಲ್ ಕೋಡಿನಿಂದ ಬಂದ ಪದ್ಧತಿ ಇದು, ಈಗ ಉತ್ತರಾಧಿಕಾರದ ಭಾಗಕ್ಕೆ ಗೋವಾದ್ದೇ 2012ರ ಕಾಯ್ದೆ ಇದೆ. ಬೇರೆ ಕಡೆ ಇದಕ್ಕೆ ಇಷ್ಟು ಹೋರಾಟ ಯಾಕೆ ಬೇಕಾಯಿತು ಅಂತ ನನಗೆ ಆಶ್ಚರ್ಯ.

ಕಲ್ಯಾಣ್_ಫಾಸ್ಟ್:
ಹಾಗಾದರೆ ಗೋವಾದಲ್ಲಿ ಇರುವ ನಮ್ಮ ಕನ್ನಡದವರೆಲ್ಲರಿಗೂ ಗೋವಾ ಕಾನೂನೇ ತಾನೇ? ಬೈನಾ, ಝುವಾರಿನಗರದಲ್ಲಿ ಎಷ್ಟು ಜನ ಇದ್ದಾರೆ.

ಶಿವಾಜಿನಗರ_ವಕೀಲೆ:
ಇಲ್ಲ. ಕೆಲಸಕ್ಕೆ ಹೋಗಿ ಅಲ್ಲಿ ಇದ್ದರೆ ಸಾಲದು, ಗೋವಾ ಮೂಲದ ನಿವಾಸಿಯಾಗಿರಬೇಕು. 2019ರಲ್ಲಿ ಸುಪ್ರೀಂ ಕೋರ್ಟು ಗೋವಾ ನಿವಾಸಿಯೊಬ್ಬರ ಮುಂಬೈಯ ಆಸ್ತಿಗೂ ಗೋವಾ ಕಾನೂನೇ ಅನ್ವಯ ಅಂತ ಹೇಳಿತು. ಕಾನೂನು ಆ ವ್ಯಕ್ತಿಯ ಹಿಂದೆ ಹೋಗುತ್ತದೆ. ಹಾಗೆಯೇ ಬಾಗಲಕೋಟೆ, ಗದಗದಿಂದ ಹೋದವರ ಊರ ಹೊಲಕ್ಕೆ 1956ರ ಕಾಯ್ದೆಯೇ.

ಡೊಂಬಿವಲಿ_ಗೃಹಿಣಿ:
ನಿನ್ನೆ ಅಕ್ಕ, ತಂಗಿ ಇಬ್ಬರ ಜೊತೆ ಮಾತಾಡಿದೆ. ಅಕ್ಕ ಸೊಲ್ಲಾಪುರದಲ್ಲಿ ಇದ್ದಾಳೆ, ಮಕ್ಕಳೆಲ್ಲ ನೌಕರಿಯಲ್ಲಿದ್ದಾರೆ. "ನನಗೆ ಏನೂ ಬೇಡ, ಬಿಟ್ಟುಕೊಡುತ್ತೇನೆ" ಅಂದಳು. ತಂಗಿ ಊರ ಹತ್ತಿರವೇ ಇದ್ದಾಳೆ, ಗಂಡ ಇಲ್ಲ, ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ತನ್ನ ಅಣ್ಣಂದಿರ 12 ಎಕರೆ ದಾಟಿಕೊಂಡು ಇನ್ನೊಬ್ಬರ ಕಬ್ಬು ಕಡಿಯಲು ಹೋಗುತ್ತಾಳೆ. ಅವಳು ಬಾಯಿಬಿಟ್ಟು ಕೇಳಲಿಲ್ಲ, ಅತ್ತಳು ಅಷ್ಟೆ. ನನ್ನ ಪಾಲಿನ ಚಿಂತೆ ನನಗೆ ಅಷ್ಟಿಲ್ಲ. ಅವಳಿಗೆ ಸಿಗಬೇಕು. ಒಬ್ಬಳು ಬಿಟ್ಟುಕೊಟ್ಟು ಇನ್ನೊಬ್ಬಳು ಉಳಿಸಿಕೊಳ್ಳಬಹುದಾ?

ಭೋಸರಿ_ಬಸು:
ಅಕ್ಕಾವ್ರೇ, ನಿಮ್ಮ ತಂಗಿಗೆ ಕೊಡಲೇಬೇಕು. ಅದರಲ್ಲಿ ನನ್ನ ವಾದ ಏನೂ ಇಲ್ಲ. ನಿಮ್ಮ ಅಣ್ಣನ ಜೊತೆ ನಾನು ಬೇಕಾದರೂ ಮಾತಾಡುತ್ತೇನೆ.

ಶಿವಾಜಿನಗರ_ವಕೀಲೆ:
ಖಂಡಿತ ಆಗುತ್ತದೆ. ಮೂವರೂ ಒಂದೇ ಕಾಗದಕ್ಕೆ ಸಹಿ ಹಾಕಬೇಕು ಅಂತ ಎಲ್ಲೂ ಇಲ್ಲ. ಪಾಲಾದ ಮೇಲೆ ನೀವು ಮತ್ತು ನಿಮ್ಮ ಅಕ್ಕ ನಿಮ್ಮ ಪಾಲನ್ನು ತಂಗಿಗೇ ಬಿಟ್ಟುಕೊಡಲೂಬಹುದು. ಬಿಡುಗಡೆ ಪತ್ರದಲ್ಲಿ ಯಾರ ಪರವಾಗಿ ಅಂತ ಹೆಸರು ಸ್ಪಷ್ಟವಾಗಿ ಇರಲಿ. ಅವಳ 2 ಎಕರೆ, ನಿಮ್ಮ 2, ಅಕ್ಕನ 2 ಸೇರಿದರೆ 6 ಎಕರೆ ಒಂದೇ ಕಡೆ ಆಗುತ್ತದೆ. ಇದನ್ನು ಅಣ್ಣ ತಮ್ಮನ ಮುಂದೆ ಇಟ್ಟರೆ ಮಾತುಕತೆಗೇ ಬೇರೆ ತೂಕ ಬರುತ್ತದೆ.

ಬಿಡುಗಡೆ ಪತ್ರಕ್ಕೆ ನೋಂದಣಿ ಕಡ್ಡಾಯ. ಮುಂಬೈಯಲ್ಲಿ ನೋಟರಿ ಮುಂದೆ ಛಾಪಾ ಕಾಗದಕ್ಕೆ ಸಹಿ ಹಾಕಿದರೆ ಹಕ್ಕು ಹೋಗುವುದಿಲ್ಲ, ಆದರೆ ಅಂಥ ಕಾಗದ ಹಿಡಿದು ನಿಮ್ಮನ್ನು ವರ್ಷಗಟ್ಟಲೆ ಸತಾಯಿಸಬಹುದು. ಬರಲು ಆಗದಿದ್ದರೆ ಪವರ್ ಆಫ್ ಅಟಾರ್ನಿ ಕೊಡು ಅಂತಲೂ ಕೇಳುತ್ತಾರೆ. ಕೊಡಬೇಡಿ. ಖಾಲಿ ಹಾಳೆಗೆ, ಓದದ ಕಾಗದಕ್ಕೆ ಸಹಿ ಬೇಡವೇ ಬೇಡ. ಬ್ಯಾಂಕ್ ಸಾಲಕ್ಕೆ ಅಂದಿದ್ದಾರಲ್ಲ, ಯಾವ ಬ್ಯಾಂಕು ಏನು ಕೇಳಿದೆ ಅಂತ ಬರವಣಿಗೆಯಲ್ಲಿ ತರಲು ಹೇಳಿ.

ತಂಗಿಗೆ ದುಡ್ಡಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಯಾವುದೇ ಹೆಣ್ಣುಮಗಳಿಗೆ ಉಚಿತ ವಕೀಲರ ಸಹಾಯ ಸಿಗುತ್ತದೆ, ಆದಾಯ ಎಷ್ಟೇ ಇರಲಿ. ತಾಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ. ಅಲ್ಲಿ ಅರ್ಜಿ ಕೊಟ್ಟರೆ ಕೇಸು ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆದು ಕೂರಿಸುತ್ತಾರೆ. ಲೋಕ ಅದಾಲತಿನಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ತವರು ಉಳಿಸಿಕೊಂಡು ಪಾಲು ಪಡೆಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಇದೇ. ದಾವೆ ಹಾಕಲೇಬೇಕಾಗಿ ಬಂದರೆ ಹೊಲ ಇರುವ ಕಡೆಯೇ ಹಾಕಬೇಕು, ಮುಂಬೈಯಲ್ಲಿ ಆಗುವುದಿಲ್ಲ.

ಮುಲುಂಡ್_ನಿವೃತ್ತ:
ಅವ್ವನ 2 ಎಕರೆಯನ್ನು ಮರೆಯಬೇಡಿ. ಅದು ಅವಳ ಸ್ವಂತದ್ದು, ಯಾರಿಗೆ ಬೇಕಾದರೂ ಬರೆದು ಕೊಡಬಹುದು. ತನ್ನನ್ನು ನೋಡಿಕೊಂಡ ಮಗನಿಗೆ ಕೊಟ್ಟರೆ ಅದೂ ನ್ಯಾಯವೇ. ಬಸು ಅವರು ಮೊದಲು ಹೇಳಿದ್ದಕ್ಕೂ ಅಲ್ಲಿ ಒಂದು ಉತ್ತರ ಇದೆ. ಏನೂ ಬರೆಯದೆ ಹೋದರೆ ಐದೂ ಮಕ್ಕಳಿಗೆ ಸಮ.

ಘಾಟ್ಕೋಪರ್_ಅಮ್ಮ:
ಅವಳು ಯಾರ ಒತ್ತಾಯಕ್ಕೂ ಬರೆಯಬಾರದು, ಅಷ್ಟೇ.

ಅಂಧೇರಿ_ಆಫೀಸ್:
ವಿಷಯ ಸ್ವಲ್ಪ ಬೇರೆ, ಆದರೆ ಕೇಳಲೇಬೇಕು. ನನ್ನ ಅತ್ತಿಗೆಗೆ ಗಂಡ ಇಲ್ಲ, ಮಕ್ಕಳೂ ಇಲ್ಲ. ಸ್ವಂತ ಸಂಬಳದಿಂದ ಫ್ಲ್ಯಾಟ್ ತಗೊಂಡಿದ್ದಾರೆ. ಸೊಸೈಟಿಯಲ್ಲಿ ಅವರ ತಾಯಿಯನ್ನು ನಾಮಿನಿ ಮಾಡಿದ್ದಾರೆ. ಸಾಕಲ್ವಾ?

ಶಿವಾಜಿನಗರ_ವಕೀಲೆ:
ಸಾಲದು. ನಾಮಿನಿ ಮಾಲೀಕರಲ್ಲ. ಸೊಸೈಟಿ ಅವರ ಜೊತೆ ವ್ಯವಹಾರ ಮಾಡುತ್ತದೆ ಅಷ್ಟೆ, ಮನೆ ಕಾನೂನಿನ ವಾರಸುದಾರರಿಗೆ ಸೇರುತ್ತದೆ. 1956ರ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಂಡ, ಮಕ್ಕಳು ಇಲ್ಲದ ಹೆಣ್ಣುಮಗಳ ಸ್ವಂತ ಆಸ್ತಿ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ, ಆಮೇಲೆ ಅಪ್ಪ ಅಮ್ಮನಿಗೆ. 2009ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ನಾರಾಯಣಿ ದೇವಿಯ ಆಸ್ತಿಯ ಕೇಸು ನೋಡಿ. ಮದುವೆಯಾದ ಮೂರು ತಿಂಗಳಲ್ಲಿ ಗಂಡ ಹಾವು ಕಚ್ಚಿ ತೀರಿಕೊಂಡ, ಗಂಡನ ಮನೆಯವರು ಹೊರಗೆ ಹಾಕಿದರು. ತವರಿಗೆ ಬಂದು ಓದಿ, ನೌಕರಿ ಮಾಡಿ ದುಡ್ಡು ಉಳಿಸಿದಳು. ಮೃತ್ಯುಪತ್ರ ಬರೆಯದೆ ಸತ್ತಳು. ಆ ದುಡ್ಡು ಸಾಕಿದ ತಾಯಿಗೆ ಸಿಗಲಿಲ್ಲ, ಗಂಡನ ಅಕ್ಕತಂಗಿಯ ಮಕ್ಕಳಿಗೆ ಹೋಯಿತು. ಕನಿಕರದಿಂದ ಕಾನೂನು ಬದಲಿಸಲಾಗುವುದಿಲ್ಲ ಅಂತ ಕೋರ್ಟು ಹೇಳಿತು. ನಾನು ಈ ಕಲಮನ್ನು ಪೂರ್ತಿ ತಪ್ಪು ಅನ್ನುತ್ತೇನೆ, ಬದಲಾಗಲೇಬೇಕು. ಅಲ್ಲಿಯವರೆಗೆ ನಿಮ್ಮ ಅತ್ತಿಗೆ ಮೃತ್ಯುಪತ್ರ ಬರೆಯಲಿ. ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಾಕ್ಷಿ ಹಾಕುವವರಿಗೆ ಆಸ್ತಿ ಬರೆದಿರಬಾರದು ಅಂತ ನೋಡಿಕೊಳ್ಳಿ.

ಅಂಧೇರಿ_ಆಫೀಸ್:
ಮುಂಬೈಯಲ್ಲಿ ಮೃತ್ಯುಪತ್ರಕ್ಕೆ ಹೈಕೋರ್ಟಿನ ಪ್ರೊಬೇಟ್ (ಮೃತ್ಯುಪತ್ರ ನಿಜ ಅಂತ ಕೋರ್ಟಿನ ದೃಢೀಕರಣ) ಬೇಕು, ವರ್ಷಗಟ್ಟಲೆ ಆಗುತ್ತದೆ ಅಂತ ಹೆದರಿಸುತ್ತಾರೆ.

ಮುಲುಂಡ್_ನಿವೃತ್ತ:
ಅದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಂ. ಹಿಂದೂಗಳಿಗೆ ಮುಂಬೈ, ಚೆನ್ನೈ, ಕೋಲ್ಕತ್ತದಲ್ಲಿ ಪ್ರೊಬೇಟ್ ಕಡ್ಡಾಯ ಮಾಡಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಲಮನ್ನೇ ತೆಗೆದುಹಾಕಿತು. ಇನ್ನು ಆ ಹೆದರಿಕೆಯಿಂದ ಬರೆಯದೆ ಇರಬೇಡಿ.

ಥಾಣೆ_ಪೂರ್ವ:
ಎಲ್ಲ ಓದಿದೆ. ನಮ್ಮಲ್ಲಿ ಅಣ್ಣಂದಿರು 2008ರಲ್ಲೇ ಅರ್ಧ ಹೊಲ ಹೊರಗಿನವರಿಗೆ ಮಾರಿದ್ದಾರೆ. ನಮಗೆ ಈಗ ತಿಳಿಯಿತು. ಅದು ಹೋದ ಹಾಗೆಯೇನಾ?

ಶಿವಾಜಿನಗರ_ವಕೀಲೆ:
2004ರ ಡಿಸೆಂಬರ್ 20ರ ಮೊದಲಿನ ಮಾರಾಟಕ್ಕೆ ಕಾಯ್ದೆಯೇ ರಕ್ಷಣೆ ಕೊಟ್ಟಿದೆ. 2008ರದ್ದಕ್ಕೆ ಆ ರಕ್ಷಣೆ ಇಲ್ಲ. ಆದರೂ ಮನೆಯ ಯಜಮಾನನಾಗಿ, ಕುಟುಂಬದ ಸಾಲ ಅಥವಾ ಆಸ್ಪತ್ರೆಯಂಥ ಅಗತ್ಯಕ್ಕೆ ಮಾರಿದ್ದು ಅಂತ ಕೊಂಡವರು ಸಾಬೀತು ಮಾಡಿದರೆ ನಿಮ್ಮ ಪಾಲಿಗೂ ಅದು ಕಟ್ಟುಬೀಳುತ್ತದೆ. ಹಾಗಾಗಿ ಖರೀದಿ ಪತ್ರದ ನಕಲು ತೆಗೆಸಿ, ಮಾರುವ ಕಾರಣ ಏನಂತ ಬರೆದಿದ್ದಾರೆ ನೋಡಿ. ದಾವೆ ಹಾಕುವಾಗ ಕೊಂಡವರನ್ನೂ ಪ್ರತಿವಾದಿ ಮಾಡಬೇಕು. ಕೂಡುಕುಟುಂಬದ ಆಸ್ತಿಯಿಂದ ನಿಮ್ಮನ್ನು ಹೊರಗಿಟ್ಟದ್ದು ತಿಳಿದ ದಿನದಿಂದ 12 ವರ್ಷದ ಅವಧಿ ಇದೆ, ಹಾಗಾಗಿ ನಿಮಗೆ ಹೇಗೆ, ಯಾವಾಗ ತಿಳಿಯಿತು ಅನ್ನುವುದಕ್ಕೆ ಆಧಾರ ಇಟ್ಟುಕೊಳ್ಳಿ. ಉಳಿದ ಅರ್ಧವನ್ನೂ ಮಾರುವ ಮಾತು ನಡೆಯುತ್ತಿದ್ದರೆ ತಡ ಮಾಡಬೇಡಿ. ದಾವೆ ದಾಖಲಾದ ಮೇಲೆ ಮಾರಿದರೆ ಕೊಂಡವರು ಕೋರ್ಟಿನ ತೀರ್ಪಿಗೆ ಬದ್ಧರಾಗಿರಬೇಕಾಗುತ್ತದೆ. ಜೊತೆಗೆ ತಡೆಯಾಜ್ಞೆಯನ್ನೂ ಕೇಳಿ.

ಥಾಣೆ_ಪೂರ್ವ:
ಮಾರುವ ಮಾತು ನಡೆಯುತ್ತಿದೆ ಮೇಡಂ. ಸೋಮವಾರವೇ ಖರೀದಿ ಪತ್ರದ ನಕಲಿಗೆ ಅರ್ಜಿ ಹಾಕುತ್ತೇನೆ.